ದೂರದ ಸೋಲು, ಮನೆಯೊಳಗಿನ ಬೇಗುದಿ

ಫುಟ್‌ಬಾಲ್ ಲೀಗ್‌ನಲ್ಲಿ ಪ್ರತಿ ತಂಡವೂ ತನ್ನ ಪಂದ್ಯಗಳಲ್ಲಿ ಅರ್ಧವನ್ನು ಸ್ವಂತ ಊರಿನ ಮೈದಾನದಲ್ಲಿಯೂ ಉಳಿದರ್ಧವನ್ನು ಎದುರಾಳಿಯ ಊರಿಗೆ ಹೋಗಿಯೂ ಆಡುತ್ತದೆ. ಮೊದಲನೆಯದನ್ನು ತವರಿನ ಪಂದ್ಯವೆಂದೂ ಎರಡನೆಯದನ್ನು ತವರಿನಾಚೆಯ ಪಂದ್ಯವೆಂದೂ ಕನ್ನಡ ಪತ್ರಿಕೆಗಳು ಬರೆಯುತ್ತವೆ, ಆಟ ನೋಡುವ ಹುಡುಗರು ‘ಹೋಮ್’, ‘ಅವೇ’ ಎಂದೇ ಹೇಳುತ್ತಾರೆ. ತವರಿನಾಚೆ ಸೋಲುವುದು ಹೊಸ ಸಂಗತಿಯೇನಲ್ಲ, ಅಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು ಎಂಬುದು ನೂರು ವರ್ಷಕ್ಕೂ ಮಿಕ್ಕ ಲೀಗ್ ದಾಖಲೆಗಳಿಂದ ತಿಳಿದುಬಂದಿದೆ. ಆದರೂ ಅಂಥ ಸೋಲಿನ ರಾತ್ರಿ ಅಭಿಮಾನಿಗೆ ನಿದ್ದೆ ಬರುವುದಿಲ್ಲ, ಮರುದಿನ ಊಟ ರುಚಿಸುವುದಿಲ್ಲ, ಮನೆಯವರ ಸಾದಾ ಮಾತಿಗೂ ಸಿಡುಕು ಬರುತ್ತದೆ. ತಾನು ಕಾಲಿಡದ ಮೈದಾನದಲ್ಲಿ, ತನಗೆ ಪರಿಚಯವಿಲ್ಲದ ಹನ್ನೊಂದು ಜನ, ತನ್ನ ಬದುಕಿಗೆ ಯಾವ ಲಾಭನಷ್ಟವೂ ಇಲ್ಲದ ಆಟವೊಂದನ್ನು ಸೋತದ್ದಕ್ಕೆ ಇಷ್ಟು ಸಂಕಟವೇಕೆ ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಕಳೆದ ಐವತ್ತು ವರ್ಷಗಳಿಂದ ಗಂಭೀರವಾಗಿಯೇ ಕೇಳುತ್ತ ಬಂದಿದ್ದಾರೆ.

ಈ ಪ್ರಶ್ನೆಯನ್ನು ಕನ್ನಡದ ನೆಲದಲ್ಲಿ ಇಟ್ಟು ನೋಡುವುದಕ್ಕೆ ಶಿವಮೊಗ್ಗ ಮತ್ತು ಭದ್ರಾವತಿ ತಕ್ಕ ಜಾಗಗಳು. ಇಪ್ಪತ್ತು ಕಿಲೋಮೀಟರ್ ಅಂತರದ ಈ ಜೋಡಿ ಊರುಗಳಿಗೆ ದೇಶದ ಉನ್ನತ ಲೀಗ್‌ನಲ್ಲಿ ಆಡುವ ಸ್ವಂತ ಫುಟ್‌ಬಾಲ್ ತಂಡವಿಲ್ಲ. ಇಂಡಿಯನ್ ಸೂಪರ್ ಲೀಗ್, ಅಂದರೆ 2014ರಲ್ಲಿ ಆರಂಭವಾದ ಐಎಸ್‌ಎಲ್‌ನಲ್ಲಿ ಇಡೀ ಕರ್ನಾಟಕಕ್ಕೆ ಇರುವುದು ಬೆಂಗಳೂರು ಎಫ್‌ಸಿ ಒಂದೇ, ಅದರ ತವರಾದ ಶ್ರೀ ಕಂಠೀರವ ಕ್ರೀಡಾಂಗಣ ಶಿವಮೊಗ್ಗದಿಂದ ಹತ್ತಿರಹತ್ತಿರ 300 ಕಿಲೋಮೀಟರ್ ದೂರ. ರಾತ್ರಿ ಏಳೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯುವ ಪಂದ್ಯವೊಂದನ್ನು ಅಲ್ಲಿಯೇ ಕುಳಿತು ನೋಡಬೇಕೆಂದರೆ ಒಂದು ದಿನದ ಕೆಲಸ, ಒಂದು ರಾತ್ರಿಯ ನಿದ್ದೆ ಎರಡನ್ನೂ ಬಿಡಬೇಕು. ಆದ್ದರಿಂದ ಶಿವಮೊಗ್ಗದ ಗೋಪಿ ವೃತ್ತದ ಸುತ್ತಮುತ್ತಲಿನ ಅಥವಾ ಭದ್ರಾವತಿಯ ಪೇಪರ್ ಟೌನಿನ ಅಭಿಮಾನಿಗೆ ಬೆಂಗಳೂರಿನ ಪಂದ್ಯವೂ ಕೋಲ್ಕತ್ತದ ಪಂದ್ಯವೂ ತಲುಪುವುದು ಒಂದೇ ಪರದೆಯ ಮೇಲೆ. ಲೀಗ್‌ನ ಪಟ್ಟಿಯಲ್ಲಿ ತವರಿನದೆಂದು ಬರೆದ ಪಂದ್ಯವೂ ಅವನ ಪಾಲಿಗೆ ಹೊರ ಊರಿನದೇ. (ಕ್ರಿಕೆಟ್‌ನಲ್ಲಂತೂ ಶಿವಮೊಗ್ಗದ ಹೆಸರನ್ನೇ ಹೊತ್ತ ತಂಡವೊಂದು ಮಹಾರಾಜ ಟ್ರೋಫಿಯಲ್ಲಿದೆ, ಆದರೆ ಅದರ ಪಂದ್ಯಗಳು ನಡೆಯುವುದು ಬೆಂಗಳೂರು, ಮೈಸೂರುಗಳಲ್ಲಿ.)

ಇತ್ತೀಚಿನ ವರ್ಷಗಳಲ್ಲಿ ಈ ಅಭಿಮಾನಿವರ್ಗಕ್ಕೆ ಬಿದ್ದ ದೊಡ್ಡ ಪೆಟ್ಟು 2025ರ ಏಪ್ರಿಲ್ 12ರದು. ಅಂದು ಕೋಲ್ಕತ್ತದ ಸಾಲ್ಟ್‌ಲೇಕ್‌ನಲ್ಲಿರುವ ವಿವೇಕಾನಂದ ಯುವಭಾರತಿ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ವಿರುದ್ಧ ಐಎಸ್‌ಎಲ್ ಫೈನಲ್ ಇತ್ತು, ಐವತ್ತು ಸಾವಿರಕ್ಕೂ ಮಿಕ್ಕ ಜನರಲ್ಲಿ ಹೆಚ್ಚಿನವರು ಹಸಿರು ಮತ್ತು ಕೆಂಗಂದು ಬಣ್ಣದ ಅಂಗಿ ತೊಟ್ಟವರಾಗಿದ್ದರು. ವಿರಾಮದ ನಂತರ 49ನೇ ನಿಮಿಷದಲ್ಲಿ ಬೆಂಗಳೂರಿನ ರಯಾನ್ ವಿಲಿಯಮ್ಸ್ ಗೋಲಿನ ಮುಂದಕ್ಕೆ ಹಾಯಿಸಿದ ಚೆಂಡನ್ನು ತಡೆಯಹೋದ ಮೋಹನ್ ಬಾಗನ್ ರಕ್ಷಕ ಆಲ್ಬರ್ಟೊ ರೋಡ್ರಿಗಸ್ ಅದನ್ನು ತಮ್ಮದೇ ಗೋಲಿನೊಳಕ್ಕೆ ಸೇರಿಸಿಬಿಟ್ಟರು. ಬೆಂಗಳೂರು 1–0 ಮುಂದಾಯಿತು. ಇಪ್ಪತ್ತಮೂರು ನಿಮಿಷಗಳ ಕಾಲ ಕಪ್ ಕೈಗೆಟುಕುವಷ್ಟು ಹತ್ತಿರವಿತ್ತು. 72ನೇ ನಿಮಿಷದಲ್ಲಿ ಪೆನಾಲ್ಟಿ ಪ್ರದೇಶದೊಳಗೆ, ಅಂದರೆ ಗೋಲಿನ ಮುಂದೆ ಗೆರೆ ಹಾಕಿದ ಆಯತದೊಳಗೆ, ಬೆಂಗಳೂರಿನ ಚಿಂಗ್ಲೆನ್ಸನಾ ಸಿಂಗ್ ಅವರ ಕೈಗೆ ಚೆಂಡು ತಾಕಿತೆಂದು ರೆಫರಿ ಪೆನಾಲ್ಟಿ ಕೊಟ್ಟರು, ಜೇಸನ್ ಕಮಿಂಗ್ಸ್ ಅದನ್ನು ಗೋಲಾಗಿಸಿ ಸಮ ಮಾಡಿದರು. ನಿಗದಿತ 90 ನಿಮಿಷಗಳಲ್ಲಿ ತೀರ್ಮಾನವಾಗದೆ ಆಟ ಹೆಚ್ಚುವರಿ ಅವಧಿಗೆ ಹೋಯಿತು, 96ನೇ ನಿಮಿಷದಲ್ಲಿ ಜೇಮೀ ಮೆಕ್ಲಾರೆನ್ ಗೋಲು ಹೊಡೆದು ಮೋಹನ್ ಬಾಗನ್‌ಗೆ 2–1ರ ಗೆಲುವು ತಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಭಿಮಾನಿಗಳು ಹೇಳಿಕೊಂಡದ್ದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ.

ಈ ಸೋಲನ್ನು ಅದರ ಹಿಂದಿನ ವಾರದ ಇನ್ನೊಂದು ಸೋಲಿನ ಪಕ್ಕದಲ್ಲಿಟ್ಟರೆ ಬೇಗುದಿಯ ಮೂಲ ಸ್ವಲ್ಪ ಸ್ಪಷ್ಟವಾಗುತ್ತದೆ. ಏಪ್ರಿಲ್ 6ರಂದು ಗೋವಾದ ಫತೋರ್ಡಾದಲ್ಲಿ ಎಫ್‌ಸಿ ಗೋವಾ ಎದುರು ನಡೆದ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿಯೂ ಬೆಂಗಳೂರು 2–1ರಿಂದಲೇ ಸೋತಿತ್ತು. ಆದರೆ ಆಗ ಐಎಸ್‌ಎಲ್ ಸೆಮಿಫೈನಲ್ ಎರಡು ಕಂತುಗಳಲ್ಲಿ ನಡೆಯುತ್ತಿತ್ತು, ಎರಡೂ ಊರುಗಳ ಪಂದ್ಯಗಳ ಗೋಲುಗಳನ್ನು ಕೂಡಿಸಿ ವಿಜೇತರನ್ನು ನಿರ್ಧರಿಸುತ್ತಿದ್ದರು; ಕಂಠೀರವದಲ್ಲಿ ಮೊದಲ ಕಂತನ್ನು 2–0ರಿಂದ ಗೆದ್ದಿದ್ದ ಬೆಂಗಳೂರು, ಫತೋರ್ಡಾದಲ್ಲಿ 88ನೇ ನಿಮಿಷದ ಹೊತ್ತಿಗೆ ಎರಡು ಗೋಲು ಬಿಟ್ಟುಕೊಟ್ಟು ಮುನ್ನಡೆಯನ್ನೆಲ್ಲ ಕಳೆದುಕೊಂಡಿದ್ದಾಗ, ನಲವತ್ತು ವರ್ಷದ ಸುನಿಲ್ ಚೆಟ್ರಿ ಆಟದ ಕೊನೆಯ ಗಳಿಗೆಗಳಲ್ಲಿ ತಲೆಯಿಂದ ಹೊಡೆದ ಗೋಲು ಒಟ್ಟು ಲೆಕ್ಕವನ್ನು 3–2 ಮಾಡಿ ತಂಡವನ್ನು ಫೈನಲ್‌ಗೆ ದಾಟಿಸಿತು. ದಾಖಲೆಯಲ್ಲಿ ಅದು ಸೋಲೆಂದೇ ಉಳಿದಿದೆ, ಅಭಿಮಾನಿಗಳು ಮಾತ್ರ ಅದನ್ನು ಹಬ್ಬದಂತೆ ಆಚರಿಸಿದರು. ಆರು ದಿನಗಳ ಅಂತರದಲ್ಲಿ, ಅದೇ ತಂಡ, ಅದೇ ಅಂಕಗಳಿಂದ ತವರಿನಾಚೆ ಸೋತಾಗ ಒಂದು ಸಂಭ್ರಮವೂ ಇನ್ನೊಂದು ಸೂತಕವೂ ಆಯಿತೆಂದರೆ, ನೋವನ್ನು ಅಳೆಯುವ ಕೋಲು ಅಂಕಪಟ್ಟಿಯಲ್ಲಿ ಇಲ್ಲವೆಂದಾಯಿತು.

ಆ ಕೋಲನ್ನು ನಿರೀಕ್ಷೆಯಲ್ಲಿ ಹುಡುಕಿದವರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ ಮುಖ್ಯರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನ ಅಲ್ಲಿನ ವೃತ್ತಿಪರ ಅಮೆರಿಕನ್ ಫುಟ್‌ಬಾಲ್‌ನ ಫಲಿತಾಂಶಗಳನ್ನು ಪೊಲೀಸ್ ದಾಖಲೆಗಳೊಂದಿಗೆ ಹೋಲಿಸಿತು. ಗೆಲ್ಲುವುದೆಂದು ನಿರೀಕ್ಷಿಸಿದ್ದ ಸ್ಥಳೀಯ ತಂಡ ಸೋತ ದಿನ, ಮನೆಗಳಲ್ಲಿ ಹೆಂಡತಿ ಅಥವಾ ಸಂಗಾತಿಯ ಮೇಲೆ ಗಂಡಸರು ನಡೆಸುವ ಹಿಂಸೆಯ ದೂರುಗಳು ಸುಮಾರು ಶೇ 10ರಷ್ಟು ಹೆಚ್ಚಾಗಿದ್ದವು, ಆದರೆ ಸಮಬಲದ ಪಂದ್ಯವೆಂದು ಮೊದಲೇ ಎಣಿಸಿದ್ದ ಪಂದ್ಯಗಳಲ್ಲಿ ಸೋತಾಗ ಅಂಥ ಏರಿಕೆ ಕಾಣಲಿಲ್ಲ. ಸೋಲಿಗಿಂತ ಅನಿರೀಕ್ಷಿತ ಸೋಲು ಅಪಾಯಕಾರಿ ಎಂಬ ಈ ತೀರ್ಮಾನ, ಅಭಿಮಾನಿಯ ಹತಾಶೆಯನ್ನು ಕೇವಲ ತಮಾಷೆಯ ವಿಷಯವೆಂದು ಭಾವಿಸುವವರಿಗೆ ಒಂದು ಎಚ್ಚರಿಕೆಯೂ ಹೌದು. ಹತಾಶೆಯ ಬೆಲೆಯನ್ನು ಅನೇಕ ಸಲ ತೆರುವವರು ಆಟವನ್ನೇ ನೋಡದ ಮನೆಮಂದಿ.

ನಿರೀಕ್ಷೆ ಕಡಿಮೆಯಿದ್ದಲ್ಲಿ ಇದೇ ಮನಸ್ಸು ಬೇರೆಯಾಗಿ ನಡೆದುಕೊಳ್ಳುತ್ತದೆ. 2016ರ ನವೆಂಬರ್ 5ರಂದು ಕತಾರ್‌ನ ದೋಹಾದಲ್ಲಿ ನಡೆದ ಎಎಫ್‌ಸಿ ಕಪ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಇರಾಕ್‌ನ ಅಲ್ ಖುವಾ ಅಲ್ ಜವಿಯಾ ತಂಡಕ್ಕೆ 0–1ರಿಂದ ಶರಣಾಯಿತು. ಏಷ್ಯಾ ಖಂಡದ ಕ್ಲಬ್‌ಗಳಿಗಾಗಿ ನಡೆಯುತ್ತಿದ್ದ ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ತಂಡ ಅದಾಗಿತ್ತು, ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಮಣಿಸಿತ್ತು. ಸ್ಥಾಪನೆಯಾಗಿ ಮೂರೇ ವರ್ಷವಾಗಿದ್ದ ಕ್ಲಬ್ಬು ಅಲ್ಲಿಯವರೆಗೆ ಹೋದದ್ದೇ ಹೆಚ್ಚೆಂಬ ಭಾವನೆ ಸೋಲಿನ ಕಹಿಯನ್ನು ನುಂಗಿಹಾಕಿತು. ಇನ್ನೂ ಹಿಂದಕ್ಕೆ ಹೋದರೆ 1948ರ ಲಂಡನ್ ಒಲಿಂಪಿಕ್ಸ್ ಸಿಗುತ್ತದೆ: ಸ್ವತಂತ್ರ ಭಾರತದ ಮೊದಲ ದೊಡ್ಡ ಫುಟ್‌ಬಾಲ್ ಪಂದ್ಯದಲ್ಲಿ, ಬಹುಪಾಲು ಬರಿಗಾಲಿನಲ್ಲಿ ಆಡಿದ ತಂಡ ಎರಡು ಪೆನಾಲ್ಟಿಗಳನ್ನು ವ್ಯರ್ಥ ಮಾಡಿ, ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಗೋಲಿನಿಂದ ಫ್ರಾನ್ಸ್‌ಗೆ ಸರಿಸಮ ನಿಂತು, ಕೊನೆಗಳಿಗೆಯ ಗೋಲಿಗೆ 1–2ರಿಂದ ಸೋತಿತು. ಅಂದಿನ ಸೋಲು ಇಂದಿಗೂ ಹೆಮ್ಮೆಯ ಪುಟವೆಂದೇ ಬರೆಯಲ್ಪಡುತ್ತಿದೆ.

ಹಾಗಾದರೆ ಕೋಲ್ಕತ್ತದಲ್ಲಿ ನಿರೀಕ್ಷೆ ಹೆಚ್ಚಾಗಿರಲು ಕಾರಣವಿತ್ತೇ? ಆ ಋತುವಿನ ಲೀಗ್‌ನಲ್ಲಿ ಅಗ್ರಸ್ಥಾನ ಮೋಹನ್ ಬಾಗನ್‌ನದಾಗಿತ್ತು, ಬೆಂಗಳೂರು ಮೂರನೆಯದು. ಫೈನಲ್ ನಡೆದದ್ದು ಎದುರಾಳಿಯ ಅಂಗಳದಲ್ಲಿ. ತಣ್ಣಗೆ ಕುಳಿತು ಎಣಿಸಿದವರು ಬೆಂಗಳೂರಿನ ಮೇಲೆ ಪಂಥ ಕಟ್ಟುತ್ತಿರಲಿಲ್ಲ. ಆದರೆ ಪ್ಲೇ ಆಫ್ ಹಂತದಲ್ಲಿ ಮುಂಬೈ ಸಿಟಿಯನ್ನು 5–0ರಿಂದ ಮಣ್ಣುಮುಕ್ಕಿಸಿದ್ದು, ಅದರ ಹಿಂದೆಯೇ ಚೆಟ್ರಿಯ ಗೋಲು, ಕೊನೆಗೆ ಫೈನಲ್‌ನಲ್ಲೇ ದೊರೆತ ಮುನ್ನಡೆ, ಇವೆಲ್ಲ ಸೇರಿ ಇಲ್ಲದ ನಿರೀಕ್ಷೆಯೊಂದನ್ನು ಎರಡು ವಾರಗಳಲ್ಲಿ ಕಟ್ಟಿ ನಿಲ್ಲಿಸಿದವು. ಗೆಲುವಿಗೆ ತೀರ ಸಮೀಪ ಬಂದು ತಪ್ಪಿದಾಗ ಮನಸ್ಸು ‘ಹೀಗಾಗಿದ್ದರೆ’ ಎಂಬ ಪರ್ಯಾಯ ಕಥೆಗಳನ್ನು ಹೆಣೆಯತೊಡಗುತ್ತದೆ. 1995ರಲ್ಲಿ ವಿಕ್ಟೋರಿಯಾ ಮೆಡ್ವೆಕ್ ಮತ್ತು ಸಂಗಡಿಗರು ಬಾರ್ಸಿಲೋನಾ ಒಲಿಂಪಿಕ್ಸ್‌ನ ಪದಕ ವಿಜೇತರ ಮುಖಭಾವಗಳನ್ನು ಅಧ್ಯಯನ ಮಾಡಿ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಸಂತೋಷದಿಂದಿದ್ದರೆಂದು ತೋರಿಸಿದ್ದು ಇದೇ ಕಾರಣಕ್ಕೆ ಪ್ರಸಿದ್ಧವಾಗಿದೆ. ಕಂಚಿನವನು ಪದಕವೇ ಇಲ್ಲದ ಸ್ಥಿತಿಯೊಂದಿಗೆ ತನ್ನನ್ನು ಹೋಲಿಸಿಕೊಂಡರೆ ಬೆಳ್ಳಿಯವನು ಕೈತಪ್ಪಿದ ಚಿನ್ನದೊಂದಿಗೆ ಹೋಲಿಸಿಕೊಳ್ಳುತ್ತಾನೆ. ಫೈನಲ್ ಸೋತ ತಂಡದ ಅಭಿಮಾನಿ ವರ್ಷಗಟ್ಟಲೆ ಈ ಬೆಳ್ಳಿಯ ಸ್ಥಿತಿಯಲ್ಲಿಯೇ ಬದುಕುತ್ತಾನೆ.

ಬೆಂಗಳೂರಿನ ಅಭಿಮಾನಿಗೆ ಈ ಸ್ಥಿತಿ ಒಮ್ಮೆಯ ಅನುಭವವೂ ಆಗಿರಲಿಲ್ಲ, ಎದುರಾಳಿಯೂ ಹೊಸದಾಗಿರಲಿಲ್ಲ. 2015ರ ಮೇ 31ರಂದು ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನ ಕೊನೆಯ ಪಂದ್ಯದಲ್ಲಿ, ಗೆದ್ದರೆ ಪ್ರಶಸ್ತಿ ಎಂಬ ಸ್ಥಿತಿಯಲ್ಲಿ, ಕಂಠೀರವದಲ್ಲೇ 1–0 ಮುಂದಿದ್ದ ತಂಡದ ವಿರುದ್ಧ ಮೋಹನ್ ಬಾಗನ್‌ನ ಬೆಲ್ಲೊ ರಜಾಕ್ ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ತಲೆಯಿಂದ ಗೋಲು ಹೊಡೆದು ಪ್ರಶಸ್ತಿಯನ್ನು ಕೋಲ್ಕತ್ತಕ್ಕೆ ಕೊಂಡೊಯ್ದಿದ್ದರು. 2023ರ ಮಾರ್ಚ್ 18ರಂದು ಫತೋರ್ಡಾದ ಐಎಸ್‌ಎಲ್ ಫೈನಲ್‌ನಲ್ಲಿ, ಆಗ ಎಟಿಕೆ ಮೋಹನ್ ಬಾಗನ್ ಎಂದು ಕರೆಸಿಕೊಳ್ಳುತ್ತಿದ್ದ ಅದೇ ಕ್ಲಬ್ಬಿನ ಎದುರು 78ನೇ ನಿಮಿಷದಲ್ಲಿ ರಾಯ್ ಕೃಷ್ಣ ತಂಡವನ್ನು 2–1 ಮುಂದೆ ತಂದರು, 85ನೇ ನಿಮಿಷದಲ್ಲಿ ದಿಮಿತ್ರಿ ಪೆಟ್ರಾಟೊಸ್ ಅಂದಿನ ತಮ್ಮ ಎರಡನೇ ಪೆನಾಲ್ಟಿಯಿಂದ ಸಮ ಮಾಡಿದರು, ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ, ಅಂದರೆ ಎರಡೂ ತಂಡಗಳು ಸರದಿಯಂತೆ ಗೋಲ್‌ಕೀಪರ್ ಒಬ್ಬನ ಎದುರು ಚೆಂಡು ಹೊಡೆಯುವ ಇತ್ಯರ್ಥದಲ್ಲಿ, ಬೆಂಗಳೂರು 3–4ರಿಂದ ಸೋತಿತು. ಮೂರು ಸಲವೂ ಬೆಂಗಳೂರು ಮುಂದಿತ್ತು, ಮೂರು ಸಲವೂ ಸಮ ಮಾಡಿಕೊಂಡದ್ದು ಅದೇ ಮೋಹನ್ ಬಾಗನ್.

ಇನ್ನು ಎದುರಾಳಿಯ ಅಂಗಳ ಎಂಬುದು ನಿಜಕ್ಕೂ ಎಷ್ಟು ಭಾರವಾದದ್ದು ಎಂಬ ಪ್ರಶ್ನೆ. ಪ್ರಪಂಚದ ದೊಡ್ಡ ಲೀಗ್‌ಗಳ ದೀರ್ಘಕಾಲದ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಪಂದ್ಯಗಳನ್ನು ತವರಿನ ತಂಡ ಗೆಲ್ಲುತ್ತದೆ, ಬಂದ ತಂಡ ಗೆಲ್ಲುವುದು ಕಾಲುಭಾಗದ ಆಸುಪಾಸು. ಪ್ರಯಾಣದ ದಣಿವು, ಪರಿಚಯವಿಲ್ಲದ ಹುಲ್ಲು, ಹವೆ ಇವೆಲ್ಲ ಕಾರಣಗಳೆಂದು ಹೇಳುತ್ತಾರೆ. ಆದರೆ ಹೆಚ್ಚು ಗಟ್ಟಿಯಾದ ಪುರಾವೆ ಇರುವುದು ಜನರ ಗದ್ದಲ ರೆಫರಿಯ ಮೇಲೆ ಬೀರುವ ಪ್ರಭಾವಕ್ಕೆ. ಇಂಗ್ಲೆಂಡಿನ ಅಲನ್ ನೆವಿಲ್ ಮತ್ತು ಸಹಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ರೆಫರಿಗಳಿಗೆ ಪಂದ್ಯವೊಂದರ 47 ಟ್ಯಾಕಲ್‌ಗಳನ್ನು, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಯತ್ನಗಳನ್ನು, ವಿಡಿಯೊದಲ್ಲಿ ತೋರಿಸಲಾಯಿತು. ಜನರ ಕೂಗನ್ನು ಕೇಳಿಸಿಕೊಂಡು ನೋಡಿದವರು, ಸದ್ದಿಲ್ಲದೆ ನೋಡಿದವರಿಗಿಂತ ತವರಿನ ತಂಡದ ವಿರುದ್ಧ ಶೇ 15.5ರಷ್ಟು ಕಡಿಮೆ ಫೌಲ್‌ಗಳನ್ನು ಎಣಿಸಿದರು. ಸ್ಪೇನ್‌ನ ಲೀಗ್ ಕುರಿತ 2005ರ ಅಧ್ಯಯನವೊಂದು, ತವರಿನ ತಂಡ ಒಂದು ಗೋಲಿನಿಂದ ಹಿಂದಿದ್ದಾಗ ರೆಫರಿಗಳು ಕೊನೆಗೆ ಕೂಡಿಸುವ ನಿಮಿಷಗಳು ಹೆಚ್ಚುತ್ತವೆಂದೂ ಮುಂದಿದ್ದಾಗ ಕಡಿಮೆಯಾಗುತ್ತವೆಂದೂ ತೋರಿಸಿತು. ಕೋವಿಡ್ ಕಾಲದಲ್ಲಿ ಖಾಲಿ ಕ್ರೀಡಾಂಗಣಗಳಲ್ಲಿ ಪಂದ್ಯಗಳು ನಡೆದಾಗ ತವರಿನ ಲಾಭ ಅನೇಕ ಲೀಗ್‌ಗಳಲ್ಲಿ ಎದ್ದು ಕಾಣುವಷ್ಟು ಕುಗ್ಗಿದ್ದೂ ಇದಕ್ಕೆ ಹೊಂದುತ್ತದೆ.

ಬೆಂಗಳೂರು–ಮೋಹನ್ ಬಾಗನ್ ನಡುವಿನ 2024–25ರ ಋತುವಿನ ಮೂರು ಪಂದ್ಯಗಳು ಈ ಮಾತಿಗೆ ಹತ್ತಿರದ ಉದಾಹರಣೆ: 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಬೆಂಗಳೂರಿಗೆ 3–0ರ ಜಯ, 2025ರ ಜನವರಿಯಲ್ಲಿ ಸಾಲ್ಟ್‌ಲೇಕ್‌ನಲ್ಲಿ 0–1ರ ಸೋಲು, ಏಪ್ರಿಲ್‌ನಲ್ಲಿ ಅಲ್ಲಿಯೇ ಮತ್ತೊಂದು ಸೋಲು. ಆದರೂ ಮೂರು ಪಂದ್ಯಗಳಿಂದ ನಿಯಮ ಕಟ್ಟಲಾಗದು, ಏಕೆಂದರೆ ಇದೇ ಕ್ಲಬ್ಬಿನ ಚರಿತ್ರೆ ಅದಕ್ಕೆ ವಿರುದ್ಧವಾದ ಸಾಕ್ಷಿಯನ್ನೂ ಹೇಳುತ್ತದೆ. 2014ರ ಮೊದಲ ಐ-ಲೀಗ್ ಪ್ರಶಸ್ತಿ ಖಚಿತವಾದದ್ದು ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿದಾಗ. 2018ರ ಐಎಸ್‌ಎಲ್ ಫೈನಲ್ ಅನ್ನು ಕಂಠೀರವದಲ್ಲೇ, ಸ್ವಂತ ಜನರ ಕಣ್ಣೆದುರಿನಲ್ಲೇ, ಚೆನ್ನೈಯಿನ್ ತಂಡಕ್ಕೆ 2–3ರಿಂದ ಬಿಟ್ಟುಕೊಟ್ಟ ತಂಡ ಮರುವರ್ಷ ಮುಂಬೈಯಲ್ಲಿ ಎಫ್‌ಸಿ ಗೋವಾವನ್ನು ರಾಹುಲ್ ಭೇಕೆಯ 117ನೇ ನಿಮಿಷದ ಗೋಲಿನಿಂದ ಮಣಿಸಿ ಕಪ್ ಎತ್ತಿತು. ಐಎಸ್‌ಎಲ್‌ನಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಯ ತೀರ್ಪನ್ನು ಪರಿಶೀಲಿಸುವ ವ್ಯವಸ್ಥೆ 2024–25ರ ಋತುವಿನಲ್ಲಿಯೂ ಇರಲಿಲ್ಲವಾದ್ದರಿಂದ, ಸೋತ ಪಕ್ಷಕ್ಕೆ ‘ರೆಫ್ರಿ ಮೋಸ’ ಎಂಬ ವಾದ ಯಾವಾಗಲೂ ಸಿದ್ಧವಾಗಿರುತ್ತದೆ. ನೆವಿಲ್ ಅವರ ಪ್ರಯೋಗ ಆ ವಾದಕ್ಕೆ ಸ್ವಲ್ಪ ಬಲ ಕೊಟ್ಟರೂ, ಪ್ರತಿಯೊಂದು ಸೋಲಿಗೂ ಅದನ್ನೇ ಹೊದಿಸಿದರೆ ಒಪ್ಪುವುದು ಕಷ್ಟ.

ಸೋಲು ಗೆಲುವುಗಳು ಮನಸ್ಸಿನ ತಕ್ಕಡಿಯಲ್ಲಿ ಸಮತೂಕದವಲ್ಲ ಎಂಬುದನ್ನು ಅಂಕಿಗಳಲ್ಲಿ ಹಿಡಿದವರು ಬ್ರಿಟನ್ನಿನ ಪೀಟರ್ ಡಾಲ್ಟನ್ ಮತ್ತು ಜಾರ್ಜ್ ಮ್ಯಾಕರನ್. ಮೊಬೈಲ್ ಮೂಲಕ ದಿನದ ಬೇರೆಬೇರೆ ಹೊತ್ತಿನಲ್ಲಿ ‘ಈಗ ಎಷ್ಟು ಸಂತೋಷವಾಗಿದ್ದೀರಿ’ ಎಂದು ಕೇಳುವ ಯೋಜನೆಯೊಂದರಲ್ಲಿ ಸುಮಾರು 32 ಸಾವಿರ ಜನ ಕೊಟ್ಟ 30 ಲಕ್ಷದಷ್ಟು ಉತ್ತರಗಳನ್ನು ಫುಟ್‌ಬಾಲ್ ಫಲಿತಾಂಶಗಳೊಂದಿಗೆ ಜೋಡಿಸಿ 2018ರಲ್ಲಿ ಅವರು ಹೇಳಿದ್ದಿಷ್ಟು: ನೂರು ಅಂಕದ ಅಳತೆಯಲ್ಲಿ ಗೆಲುವಿನ ನಂತರದ ಗಂಟೆಯಲ್ಲಿ ಅಭಿಮಾನಿಯ ಸಂತೋಷ 3.9 ಅಂಕ ಏರಿದರೆ, ಸೋಲಿನ ನಂತರ 7.8 ಅಂಕ ಇಳಿಯುತ್ತದೆ, ಅಂದರೆ ಏರಿಕೆಯ ಎರಡರಷ್ಟು. ನಷ್ಟದ ನೋವು ಅಷ್ಟೇ ಲಾಭದ ಸುಖಕ್ಕಿಂತ ಹೆಚ್ಚೆಂದು ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್‌ಕಿ 1979ರಲ್ಲಿ ಹಣದ ವಿಷಯದಲ್ಲಿ ಹೇಳಿದ್ದಕ್ಕೆ ಇದು ಆಟದ ಅಂಗಳದಿಂದ ದೊರೆತ ಸಮರ್ಥನೆ. ಲೆಕ್ಕ ಹಾಕಿದರೆ ಅಭಿಮಾನವೆಂಬುದು ನಷ್ಟದ ವ್ಯಾಪಾರವೇ ಸರಿ, ಆದರೂ ಯಾರೂ ಅಂಗಡಿ ಮುಚ್ಚುವುದಿಲ್ಲ.

ಮುಚ್ಚದಿರುವುದಕ್ಕೆ ಕಾರಣ ಅಭಿಮಾನಿ ತಂಡವನ್ನು ತನ್ನ ಅಸ್ತಿತ್ವದ ಭಾಗವೆಂದು ಭಾವಿಸುವುದು. ರಾಬರ್ಟ್ ಚಾಲ್ಡೀನಿ ಮತ್ತು ಸಹೋದ್ಯೋಗಿಗಳು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ತಂಡ ಗೆದ್ದ ವಾರಾಂತ್ಯದ ನಂತರದ ಸೋಮವಾರ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಗುರುತಿರುವ ಬಟ್ಟೆಗಳನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರು, ಗೆದ್ದಾಗ ‘ನಾವು ಗೆದ್ದೆವು’ ಎನ್ನುತ್ತಿದ್ದವರು ಸೋತಾಗ ‘ಅವರು ಸೋತರು’ ಎನ್ನುವುದು ಹೆಚ್ಚಾಗಿತ್ತು. ಈ ಜಾರಿಕೊಳ್ಳುವ ದಾರಿ ಮಾತ್ರ ತಂಡದೊಂದಿಗೆ ಸಡಿಲವಾಗಿ ಹೊಂದಿಕೊಂಡವರದು. ಗಾಢವಾಗಿ ಗುರುತಿಸಿಕೊಂಡವನಿಗೆ ಸೋತಾಗಲೂ ‘ನಾವು’ ಎನ್ನದೆ ಗತಿಯಿಲ್ಲ. ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ನಿದರ್ಶನ ಫುಟ್‌ಬಾಲಿನದಲ್ಲ, ಐಪಿಎಲ್ ಕ್ರಿಕೆಟ್ ತಂಡವಾದ ಆರ್‌ಸಿಬಿಯದು: 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 6 ರನ್‌ಗಳಿಂದ, 2011ರಲ್ಲಿ ಚೆನ್ನೈಯಲ್ಲಿ 58 ರನ್‌ಗಳಿಂದ, 2016ರಲ್ಲಿ ಬೆಂಗಳೂರಿನಲ್ಲೇ 8 ರನ್‌ಗಳಿಂದ ಫೈನಲ್ ಸೋತ ತಂಡಕ್ಕಾಗಿ ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ವರ್ಷವರ್ಷವೂ ಮೊಳಗಿತು, ಪರರು ಅದನ್ನು ಗೇಲಿಗೆ ಬಳಸಿದರೂ ಅಭಿಮಾನಿಗಳು ‘ನಮ್ದೇ’ ಎಂಬುದನ್ನು ಬಿಡಲಿಲ್ಲ.

ಭದ್ರಾವತಿಯ ಮಟ್ಟಿಗೆ ‘ನಾವು’ ಎಂಬುದಕ್ಕೆ ಒಂದು ಕಾಲದಲ್ಲಿ ತೀರ ಸ್ಥೂಲವಾದ ಅರ್ಥವಿತ್ತು. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತವನ್ನು ವಹಿಸಿಕೊಂಡು ಅದನ್ನು ನೆಲೆಗೊಳಿಸಿದರು, ಮುಂದೆ ಅದು ಅವರ ಹೆಸರನ್ನೇ ಪಡೆದು ವಿಐಎಸ್‌ಎಲ್ ಆಯಿತು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆ ಅದರ ಜೊತೆಗೂಡಿತು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳು, ಕ್ವಾರ್ಟರ್ಸುಗಳು, ಆಸ್ಪತ್ರೆ, ಶಾಲೆ, ಮೈದಾನ ಇವೆಲ್ಲ ಕಾರ್ಖಾನೆಯ ಆಸರೆಯಲ್ಲಿ ಬೆಳೆದವು. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಂ ಮಾತನಾಡುವ ಕುಟುಂಬಗಳು ಒಂದೇ ಸೈರನ್ನಿಗೆ ಎದ್ದು ಕೆಲಸಕ್ಕೆ ಹೊರಡುತ್ತಿದ್ದವು. ಕರ್ನಾಟಕದ ಫುಟ್‌ಬಾಲಿನ ಒಳ್ಳೆಯ ದಿನಗಳು ಇಂಥ ಕಾರ್ಖಾನೆ ಸಂಸ್ಕೃತಿಯ ದಿನಗಳೇ. ಬೆಂಗಳೂರಿನ ಐಟಿಐ, ಎಚ್‌ಎಎಲ್‌ಗಳಂಥ ಸಾರ್ವಜನಿಕ ಉದ್ಯಮಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. 1977ರ ಮೊಟ್ಟಮೊದಲ ಫೆಡರೇಶನ್ ಕಪ್‌ನ ಫೈನಲ್‌ನಲ್ಲಿ ಐಟಿಐ ತಂಡ ಇದೇ ಮೋಹನ್ ಬಾಗನ್ ತಂಡವನ್ನು 1–0ರಿಂದ ಸೋಲಿಸಿತೆಂಬುದನ್ನು ಬೆಂಗಳೂರಿನ ಅಭಿಮಾನಿ ಕೊಂಚ ಸಮಾಧಾನಕ್ಕಾದರೂ ನೆನೆಯಬಹುದು. ಅಂಥ ತಂಡ ಹೊರ ಊರಿನಲ್ಲಿ ಸೋತು ಬಂದರೆ, ಆಡಿದವನೂ ಆಟಕ್ಕಾಗಿ ಕಾದವನೂ ಮರುದಿನ ಒಂದೇ ಗೇಟಿನಿಂದ ಒಳಹೋಗುತ್ತಿದ್ದರು. ಬೈಗುಳವನ್ನು ನೇರವಾಗಿ ಒಪ್ಪಿಸಬಹುದಿತ್ತು, ಉತ್ತರವೂ ನೇರವಾಗಿ ಬರುತ್ತಿತ್ತು.

ಈಗ ಕಾಗದ ಕಾರ್ಖಾನೆ ನಿಂತುಹೋಗಿದೆ. ವಿಐಎಸ್‌ಎಲ್ ಅನ್ನು ಮುಚ್ಚುವ ತೀರ್ಮಾನವನ್ನು ಅದರ ಒಡೆತನ ಹೊಂದಿರುವ ಸೈಲ್ ಸಂಸ್ಥೆ 2023ರ ಜನವರಿಯಲ್ಲಿ ಕೈಗೊಂಡಾಗ ಊರು ಬೀದಿಗಿಳಿದು ಹೋರಾಡಿತು. ವಿಚಿತ್ರವೆಂದರೆ ಬೆಂಗಳೂರು ಎಫ್‌ಸಿಯ ಒಡೆತನವೂ ಉಕ್ಕಿನ ಉದ್ಯಮದ್ದೇ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೊಡ್ಡ ಸ್ಥಾವರ ಹೊಂದಿರುವ ಜೆಎಸ್‌ಡಬ್ಲ್ಯು ಸಮೂಹದ್ದು; ಅಂದರೆ ಭದ್ರಾವತಿಯ ಹುಡುಗನೊಬ್ಬ ಆ ಕ್ಲಬ್ಬಿನ ನೀಲಿ ಅಂಗಿ ತೊಟ್ಟಾಗ, ಅಜ್ಜನ ಕಾಲದ ಉಕ್ಕಿನೂರಿನಿಂದ ಬೇರೊಂದು ಉಕ್ಕಿನ ಹೆಸರಿಗೆ ನಿಷ್ಠೆ ಬದಲಿಸಿದಂತಾಗುತ್ತದೆ. ಇದರಲ್ಲಿ ದ್ರೋಹವೇನೂ ಇಲ್ಲ, ಆದರೆ ಹುಟ್ಟಿನಿಂದ ಬಂದ ನಂಟಿಗೂ ಆರಿಸಿಕೊಂಡ ನಂಟಿಗೂ ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ ಕಂಠೀರವದ ಪಶ್ಚಿಮದ ಸಾಲುಗಳಲ್ಲಿ ನಿಂತು, ಹಾಡಿ, ಕೂಗಿ, ಸೋತಾಗ ಒಟ್ಟಿಗೆ ತಲೆತಗ್ಗಿಸಿ ಹೊರಬರುತ್ತದೆ. ಡಾಲ್ಟನ್–ಮ್ಯಾಕರನ್ ಅಧ್ಯಯನದಂತೆ ಕ್ರೀಡಾಂಗಣದಲ್ಲೇ ಇದ್ದವರ ಕುಸಿತ ಮನೆಯಲ್ಲಿ ನೋಡಿದವರದಕ್ಕಿಂತ ಆಳವಾದದ್ದೇ. ಹಾಗಾದರೆ ಶಿವಮೊಗ್ಗದವನ ಪಾಡು ಹಗುರವೆನ್ನಬೇಕಷ್ಟೆ? ಆ ಗಂಟೆಯ ಮಟ್ಟಿಗೆ ಹೌದಿರಬಹುದು. ಆದರೆ ಗುಂಪಿನಲ್ಲಿ ಅನುಭವಿಸಿದ ಸಂಕಟಕ್ಕೆ ಗುಂಪಿನಲ್ಲೇ ಖರ್ಚಾಗಿ ಹೋಗುವ ದಾರಿಯಿದೆ, ದುರ್ಗಿಗುಡಿಯ ಬಾಡಿಗೆ ಕೋಣೆಯಲ್ಲಿ ಮೊಬೈಲ್ ಆರಿಸಿ ಮಲಗಿದವನಿಗೆ ಆ ದಾರಿಯಿಲ್ಲ. ಬೆಳಗಿನ ಚಹಾದಂಗಡಿಯಲ್ಲಿ ಮಾತು ಕ್ರಿಕೆಟ್ಟಿನದೋ ರಾಜಕೀಯದ್ದೋ ಇರುತ್ತದೆಯೇ ಹೊರತು ಹಿಂದಿನ ರಾತ್ರಿಯ ಹೆಚ್ಚುವರಿ ಅವಧಿಯದಲ್ಲ. ದೂರ ನೋವನ್ನು ಕಡಿಮೆ ಮಾಡುವುದಕ್ಕಿಂತ ಹೆಚ್ಚಾಗಿ ಅದನ್ನು ಒಂಟಿಯಾಗಿಸುತ್ತದೆ.

ಸಿಟ್ಟು ಬೀದಿಗೆ ಬಂದಾಗ ಏನಾಗುತ್ತದೆಂಬುದಕ್ಕೆ ಭದ್ರಾವತಿಯಲ್ಲಿ ಹುಟ್ಟಿದ ಮಹಾನ್ ಆಟಗಾರನೊಬ್ಬ ಪಾಲ್ಗೊಂಡ ಸೋಲೊಂದು ಸಾಕ್ಷಿ. 1974ರ ಜೂನ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನ ಎರಡನೇ ಇನಿಂಗ್ಸ್‌ನಲ್ಲಿ ಭಾರತ 42 ರನ್‌ಗಳಿಗೆ ಉರುಳಿತು, ಆ ತಂಡದಲ್ಲಿ ಜಿ.ಆರ್. ವಿಶ್ವನಾಥ್ ಇದ್ದರು, ಮೊದಲ ಇನಿಂಗ್ಸ್‌ನಲ್ಲಿ ಅರ್ಧಶತಕವನ್ನೂ ಹೊಡೆದಿದ್ದರು. ಮೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲೇ ಸರಣಿ ಗೆದ್ದು ದೇಶದ ಕಣ್ಮಣಿಯಾಗಿದ್ದ ನಾಯಕ ಅಜಿತ್ ವಾಡೇಕರ್ ಅವರ ಮುಂಬೈ ಮನೆಗೆ ಕಲ್ಲು ಬಿತ್ತು, ಆ ಗೆಲುವಿನ ನೆನಪಿಗೆ ಇಂದೋರ್‌ನಲ್ಲಿ ನಿಲ್ಲಿಸಿದ್ದ ಕಾಂಕ್ರೀಟಿನ ಬ್ಯಾಟನ್ನು ಜನ ವಿರೂಪಗೊಳಿಸಿದರು. 1971ರ ಗೆಲುವು ಕಟ್ಟಿಕೊಟ್ಟ ನಿರೀಕ್ಷೆಯೇ 1974ರ ಕಲ್ಲಾಯಿತು. ಅಂದಿನವರಿಗೆ ಸುದ್ದಿ ತಲುಪುತ್ತಿದ್ದುದು ರೇಡಿಯೊದಿಂದ, ಮರುದಿನದ ಪತ್ರಿಕೆಯಿಂದ. ಪೆಟ್ಟು ಬೀಳುವುದಕ್ಕೂ ಅದನ್ನು ಅರಿಯುವುದಕ್ಕೂ ನಡುವೆ ಒಂದಿಷ್ಟು ಬಿಡುವಿತ್ತು. ಈಗ ಆ ಬಿಡುವಿಲ್ಲ.

ಸಾಮಾನ್ಯವಾಗಿ ಸೋಲಿನ ಬೇಗುದಿಗೆ ಇರುವ ಮದ್ದು ಮುಂದಿನ ಪಂದ್ಯ, ಏಕೆಂದರೆ ಲೀಗ್‌ನ ಪಟ್ಟಿ ವಾರದೊಳಗೆ ಇನ್ನೊಂದು ನಿರೀಕ್ಷೆಯನ್ನು ತಂದಿಡುತ್ತದೆ. 2025ರಲ್ಲಿ ಆ ಮದ್ದೂ ಸಿಗಲಿಲ್ಲ. ಫೈನಲ್ ಮುಗಿದ ಅದೇ ತಿಂಗಳಲ್ಲಿ ಸೂಪರ್ ಕಪ್‌ನಿಂದ ಬೆಂಗಳೂರು ಆರಂಭದಲ್ಲೇ ಹೊರಬಿತ್ತು. ಜುಲೈನಲ್ಲಿ, ಲೀಗ್ ನಡೆಸುವ ಸಂಸ್ಥೆಗೂ ಭಾರತೀಯ ಫುಟ್‌ಬಾಲ್ ಫೆಡರೇಶನ್‌ಗೂ ನಡುವಿನ ಒಪ್ಪಂದದ ನವೀಕರಣ ಇತ್ಯರ್ಥವಾಗದೆ ಹೊಸ ಐಎಸ್‌ಎಲ್ ಋತುವನ್ನೇ ತಡೆಹಿಡಿಯಲಾಯಿತು, ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಬೆಂಗಳೂರು ಎಫ್‌ಸಿ ಪ್ರಕಟಿಸಿತು. ಹೊಸ ಲೀಗ್ ಆ ವರ್ಷದೊಳಗೆ ಆರಂಭವಾಗಲಿಲ್ಲ. ಮೆಕ್ಲಾರೆನ್‌ನ ಗೋಲು ತಿಂಗಳುಗಟ್ಟಲೆ ಐಎಸ್‌ಎಲ್‌ನ ಕೊನೆಯ ಗೋಲಾಗಿಯೇ ಉಳಿಯಿತು, ಸೋಲಲಿಕ್ಕಾದರೂ ಒಂದು ಪಂದ್ಯ ಬೇಕೆಂದು ಅಭಿಮಾನಿ ಹಂಬಲಿಸುವ ಸ್ಥಿತಿ ಒದಗಿತು.

ಈ ಅಭಿಮಾನಿಯ ನಿಷ್ಠೆ ಹುಟ್ಟಿನಿಂದ ಬಂದದ್ದಲ್ಲ, ಆರಿಸಿಕೊಂಡದ್ದು ಎಂಬುದಕ್ಕೆ ಇನ್ನೂ ಒಂದು ಪುರಾವೆಯಿದೆ, ಅದು ಸೋಲಿನದಲ್ಲ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಚೆಟ್ರಿ ಬೇಗನೆ ತೆಗೆದುಕೊಂಡ ಫ್ರೀಕಿಕ್‌ನಿಂದ ಗೋಲಾದಾಗ, ಅದನ್ನು ಒಪ್ಪದ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು, ದೇಶದ ಫುಟ್‌ಬಾಲ್ ಮಾತೆಲ್ಲ ವಾರಗಟ್ಟಲೆ ಅದರ ಸುತ್ತಲೇ ಸುತ್ತಿತು. ಮರುದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದಿದ್ದ ರಾಜ್ಯ 1968–69ರ ನಂತರ, ಅಂದರೆ 54 ವರ್ಷಗಳ ಮೇಲೆ, ಮತ್ತೆ ಈ ಟ್ರೋಫಿ ಎತ್ತಿತ್ತು, ಅದೂ ಸಮುದ್ರದಾಚೆಯ ನೆಲದಲ್ಲಿ. ಶಿವಮೊಗ್ಗಕ್ಕೂ ಭದ್ರಾವತಿಗೂ ನ್ಯಾಯವಾಗಿ ಸೇರಬೇಕಾದ ತಂಡ ಅದು, ಬೆಂಗಳೂರಿನ ಕ್ಲಬ್ಬಿಗಿಂತ ಹೆಚ್ಚು. ಅದರ ಮೂರು ಗೋಲುಗಳನ್ನು ಹೊಡೆದ ಸುನಿಲ್ ಕುಮಾರ್, ಬೆಕೆ ಓರಂ, ರಾಬಿನ್ ಯಾದವ್ ಅವರ ಹೆಸರುಗಳನ್ನು, ಎರಡು ವಾರಗಳ ನಂತರ ಫತೋರ್ಡಾದಲ್ಲಿ ಪೆನಾಲ್ಟಿ ಹೊಡೆದ ಪೆಟ್ರಾಟೊಸ್‌ನ ಹೆಸರಿನಷ್ಟು ಥಟ್ಟನೆ ಹೇಳಬಲ್ಲ ಅಭಿಮಾನಿಗಳು ಎರಡೂ ಊರುಗಳಲ್ಲಿ ವಿರಳ.